ಜಂಪ್ ಯಾಕೆ ಹೆಚ್ಚುತ್ತಿಲ್ಲ? ನಿಂತಲ್ಲಿಂದ ಮೇಲಕ್ಕೆ ಹಾರಲು ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹಾಸನ, ಬೇಲೂರು, ಸಕಲೇಶಪುರ ಕಡೆಯ ವಾಲಿಬಾಲ್ ಹುಡುಗರು, ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಮೂರು ತಿಂಗಳಿಂದ ದಿನಾ ಜಂಪ್ ಹೊಡೀತಿದೀನಿ ಸರ್, ನೆಟ್ ಮೇಲೆ ಕೈ ಇನ್ನೂ ಅಷ್ಟೇ ಬರ್ತಿದೆ. ಮಂಡಿ ಬೇರೆ ನೋಯ್ತಿದೆ." ಏನು ಮಾಡ್ತಿದ್ದೀರಿ ಅಂತ ಕೇಳಿದರೆ ಬರುವ ಉತ್ತರವೂ ಹೆಚ್ಚುಕಮ್ಮಿ ಒಂದೇ. ಕಾಲಿಗೆ ಮರಳಿನ ಪಟ್ಟಿ ಕಟ್ಟಿಕೊಂಡು ಹಾರುವುದು, ಶಾಲೆಯ ಜಗಲಿಯಿಂದ ಕೆಳಕ್ಕೆ ಧುಮುಕಿ ಮತ್ತೆ ಮೇಲಕ್ಕೆ ಹಾರುವುದು, ಕೊನೆಗೆ ಸ್ಟೇಡಿಯಂ ಸುತ್ತ ಹತ್ತು ರೌಂಡ್ ಓಟ. ಮೊದಲ ದಿನ ಎಷ್ಟು ಹಾರುತ್ತಿದ್ದಿರಿ ಅಂದರೆ ಮಾತ್ರ ಉತ್ತರ ಇಲ್ಲ.

ಕೊನೆಗೆ ಮಾಡಬೇಕಾದ್ದನ್ನು ಇವರು ಮೊದಲೇ ಮಾಡುತ್ತಿದ್ದಾರೆ. ಅದಕ್ಕೇ ಇಲ್ಲಿ ವ್ಯಾಯಾಮದ ಪಟ್ಟಿಗಿಂತ ಕ್ರಮಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಮೊದಲು ಅಳತೆ, ಆಮೇಲೆ ಇಳಿಯುವುದು, ಆಮೇಲೆ ಬಲ, ಹಾರುವ ರೀತಿ, ಪುಟಿತ (ನೆಲ ತಾಗಿದ ತಕ್ಷಣ ಚೆಂಡಿನ ಹಾಗೆ ಮತ್ತೆ ಮೇಲೇಳುವುದು), ಕೊನೆಗೆ ಓಡಿಬಂದು ಹಾರುವುದು. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ.

ಶುರು ಮಾಡುವ ಮುನ್ನ: ಎತ್ತರ ಎಲ್ಲಿ ತೀರ್ಮಾನ ಆಗುತ್ತದೆ?

ಕಾಲು ನೆಲ ಬಿಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಗಾಳಿಯಲ್ಲಿ ಮಂಡಿ ಮಡಚಿ, ಕಾಲು ಒದರಿ, ಏನೇ ಮಾಡಿದರೂ ದೇಹದ ಭಾರಕೇಂದ್ರ (ಇಡೀ ದೇಹದ ತೂಕ ಸೇರಿದಂತಿರುವ ಬಿಂದು, ಸೊಂಟದ ಆಸುಪಾಸು) ಒಂದು ಕೂದಲೆಳೆಯಷ್ಟೂ ಹೆಚ್ಚು ಮೇಲಕ್ಕೆ ಹೋಗುವುದಿಲ್ಲ. ನೆಲ ಬಿಡುವ ಕ್ಷಣದಲ್ಲಿ ಇದ್ದ ವೇಗವೇ ಎತ್ತರವನ್ನು ತೀರ್ಮಾನಿಸಿರುತ್ತದೆ. 30 ಸೆಂ.ಮೀ. ಏರಲು ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗ ಬೇಕು. 40 ಸೆಂ.ಮೀ.ಗೆ 2.8 ಮೀಟರ್, 50 ಸೆಂ.ಮೀ.ಗೆ 3.1 ಮೀಟರ್.

ಆ ವೇಗ ಬರುವುದು ನೆಲವನ್ನು ಒತ್ತುವುದರಿಂದ. 60 ಕೆ.ಜಿ. ತೂಕದ ಆಟಗಾರ ಸುಮ್ನೆ ನಿಂತಾಗಲೇ ನೆಲವನ್ನು ಸುಮಾರು 590 ನ್ಯೂಟನ್ (ಬಲದ ಅಳತೆ) ಬಲದಿಂದ ಒತ್ತುತ್ತಿರುತ್ತಾನೆ. ಆ ಬಲ ಅವನನ್ನು ನಿಲ್ಲಿಸಿಕೊಳ್ಳಲು ಮಾತ್ರ ಸಾಕು. ಕುಗ್ಗಿದ ಜಾಗದಿಂದ ಕಾಲ್ಬೆರಳು ನೆಲ ಬಿಡುವ ತನಕ ಅವನ ಭಾರಕೇಂದ್ರ 40 ಸೆಂ.ಮೀ. ಮೇಲೆ ಬರುತ್ತದೆ ಅಂದುಕೊಳ್ಳಿ. ನೆಲ ಬಿಟ್ಟ ಮೇಲೆ ಇನ್ನೂ 40 ಸೆಂ.ಮೀ. ಏರಬೇಕಾದರೆ, ಒತ್ತುವ ಅಷ್ಟೂ ಹೊತ್ತು ಸರಾಸರಿ ಇನ್ನೊಂದು 590 ನ್ಯೂಟನ್ ಸೇರಿಸಬೇಕು. ಅಂದರೆ ತನ್ನ ತೂಕದ ಎರಡರಷ್ಟು ಬಲ, ಅದೂ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ. ಸ್ಟೇಡಿಯಂ ಸುತ್ತ ಹತ್ತು ರೌಂಡ್ ಓಡಿದರೆ ದಮ್ಮು ಬರುತ್ತದೆ, ಈ ಬಲ ಬರುವುದಿಲ್ಲ.

ಬೇಕಾದ ಸಾಮಾನು

ಸ್ಲೋ ಮೋಷನ್ ಇರುವ ಮೊಬೈಲ್ (ಸೆಕೆಂಡಿಗೆ 240 ಫ್ರೇಮ್, ಅಂದರೆ 240 ಬಿಡಿ ಚಿತ್ರ ತೆಗೆಯುವಂಥದ್ದು ಇದ್ದರೆ ಒಳ್ಳೆಯದು, 120 ಆದರೂ ನಡೆಯುತ್ತದೆ), ಅಳೆಯುವ ಟೇಪು, ಸೀಮೆಸುಣ್ಣ, ಒಂದು ನೋಟ್‌ಬುಕ್. ಬಲದ ಹಂತಕ್ಕೆ ಗಟ್ಟಿ ಬ್ಯಾಗು ಮತ್ತು ಮರಳು. ಹಿಮ್ಮಡಿ ಸವೆಯದ ಶೂ. ಇಷ್ಟು ಸಾಕು. ಕಾಲಿಗೆ ಕಟ್ಟುವ ಭಾರದ ಪಟ್ಟಿಗೆ ದುಡ್ಡು ಹಾಕಬೇಡಿ. ಅದು ಹಾರುವ ವೇಗವನ್ನು ಕಡಿಮೆ ಮಾಡಿ, ಇಳಿಯುವಾಗ ಮಂಡಿಗೆ ಹೊರೆ ಹೆಚ್ಚಿಸುತ್ತದೆ.

ಜಾಗದ ವಿಷಯ ಸ್ವಲ್ಪ ಯೋಚನೆ ಮಾಡಿ. ಗಟ್ಟಿ ಮಣ್ಣಿನ ಮೈದಾನ ಅಥವಾ ಒಳಾಂಗಣದ ಮರದ ನೆಲ ಉತ್ತಮ. ಮಲೆನಾಡಿನ ಕಡೆ ಹುಡುಗರು ಖಾಲಿ ಬಿದ್ದಿರುವ, ಕಾಫಿ ಒಣಗಿಸುವ ಕಾಂಕ್ರೀಟ್ ಕಣದಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ. ಸಮತಟ್ಟಾಗಿರುತ್ತದೆ, ನಿಜ. ಅಳತೆಗೆ ಅದೇ ಸರಿ. ಆದರೆ ಕಾಂಕ್ರೀಟ್ ಮೇಲೆ ದಿನಾ ನೂರಾರು ಸಲ ಇಳಿದರೆ ಮೊಳಕಾಲಿನ (ಮಂಡಿಯಿಂದ ಕಣಕಾಲಿನ ತನಕದ) ಮೂಳೆ ಸುಮ್ಮನಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಣದಲ್ಲಿ ಪಾಚಿ ಕಟ್ಟುತ್ತದೆ, ಆಗಂತೂ ಆ ಕಡೆ ಹೋಗಲೇಬೇಡಿ.

ಹಂತ 1: ಸರಿಯಾಗಿ ಅಳೆಯಿರಿ

ಜಾಸ್ತಿ ಜನ ಸೋಲುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಗೋಡೆಗೆ ಸೀಮೆಸುಣ್ಣದ ಗುರುತು ಹಾಕುವ ವಿಧಾನ ಎಲ್ಲರಿಗೂ ಗೊತ್ತು. ಅದರಲ್ಲಿ ಮೋಸ ಆಗುವುದು ಹಾರುವಾಗಲ್ಲ, ನಿಂತಾಗ. ನಿಂತು ಕೈ ಎತ್ತಿದಾಗ ಭುಜವನ್ನು ಪೂರ್ತಿ ಮೇಲೆ ಚಾಚದಿದ್ದರೆ ಮೊದಲ ಗುರುತು ಕೆಳಗೆ ಬೀಳುತ್ತದೆ. ಆಮೇಲೆ ಹಾರಿದಾಗ ಭುಜ ತಾನಾಗೇ ಚಾಚಿಕೊಂಡು, ಇಲ್ಲದ ಕೆಲವು ಸೆಂಟಿಮೀಟರ್ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಹಿಮ್ಮಡಿ ನೆಲಕ್ಕಿರಲಿ, ಗೋಡೆಗೆ ಪಕ್ಕವಾಗಿ ನಿಲ್ಲಿ, ಭುಜ ಕಿವಿಗೆ ತಾಗುವ ಹಾಗೆ ಕೈ ಚಾಚಿ, ಆಮೇಲೆ ಗುರುತು ಹಾಕಿ.

ಮೊಬೈಲ್ ವಿಧಾನ ನನಗೆ ಹೆಚ್ಚು ಇಷ್ಟ, ಯಾಕಂದರೆ ಮುಂದಿನ ಹಂತದ ಪರೀಕ್ಷೆಗಳನ್ನು ಗೋಡೆ ಬಳಿ ಮಾಡಲಾಗುವುದಿಲ್ಲ. ಇದರಲ್ಲಿ ಎತ್ತರ ಅಳೆಯುವುದಿಲ್ಲ, ಗಾಳಿಯಲ್ಲಿದ್ದ ಸಮಯ ಅಳೆಯುತ್ತೇವೆ.

ಮೊಬೈಲನ್ನು ಸುಮಾರು ಒಂದೂವರೆ ಮೀಟರ್ ದೂರದಲ್ಲಿ, ನೆಲಕ್ಕೆ ಹತ್ತಿರ, ಪಾದ ಚೆನ್ನಾಗಿ ಕಾಣುವ ಹಾಗೆ ಇಟ್ಟಿಗೆಗೆ ಒರಗಿಸಿ ಇಡಿ. ಮುಖ ಕಾಣಬೇಕಿಲ್ಲ. ಹಾರಿದ ಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ 'ಇ' ಕೀ ಒತ್ತಿದಾಗಲೆಲ್ಲ ಒಂದು ಫ್ರೇಮ್ ಮುಂದಕ್ಕೆ ಹೋಗುತ್ತದೆ. ಕಾಲ್ಬೆರಳಿಗೂ ನೆಲಕ್ಕೂ ನಡುವೆ ಮೊದಲ ಸಲ ಸಂದು ಕಂಡ ಫ್ರೇಮ್‌ನಿಂದ ಎಣಿಕೆ ಶುರು. ಮತ್ತೆ ಕಾಲು ನೆಲ ಮುಟ್ಟಿದ ಫ್ರೇಮ್‌ಗೆ ನಿಲ್ಲಿಸಿ.

ಈಗ ಲೆಕ್ಕ. 240 ಫ್ರೇಮ್‌ನ ವಿಡಿಯೊ ಆದರೆ, ಎಣಿಸಿದ ಸಂಖ್ಯೆಯನ್ನು ಅದೇ ಸಂಖ್ಯೆಯಿಂದ ಗುಣಿಸಿ 470ರಿಂದ ಭಾಗಿಸಿ. ಬರುವುದೇ ಸೆಂಟಿಮೀಟರ್. 120 ಫ್ರೇಮ್ ಬಂದರೆ 120 × 120 ÷ 470, ಅಂದರೆ 30.6 ಸೆಂ.ಮೀ. 130 ಬಂದರೆ ಸುಮಾರು 36. 140 ಬಂದರೆ 41.7. 150 ಬಂದರೆ ಸುಮಾರು 48. ನಿಮ್ಮ ಮೊಬೈಲ್ 120 ಫ್ರೇಮ್‌ನದಾದರೆ 470ರ ಬದಲು 117.5ರಿಂದ ಭಾಗಿಸಿ.

ಒಬ್ಬ ಓದುಗ ಬಹಳ ಜಾಣ ಪ್ರಶ್ನೆ ಕೇಳಿದ್ದ: ಚಿಕ್ಕಮಗಳೂರು ಎತ್ತರದಲ್ಲಿದೆ, ಗುರುತ್ವ ಕಡಿಮೆ ಅಲ್ವಾ, ಲೆಕ್ಕ ಬದಲಾಗುತ್ತಾ? 470 ಬಂದಿರುವುದು ಪುಸ್ತಕದಲ್ಲಿರುವ ಗುರುತ್ವ 9.81 ಹಿಡಿದು, ನಮ್ಮ ಕಡೆ ಅದು ಸುಮಾರು 9.78. ಇದರಿಂದ 40 ಸೆಂ.ಮೀ. ಜಂಪಿಗೆ ಬರುವ ವ್ಯತ್ಯಾಸ ಒಂದು ಮಿಲಿಮೀಟರ್ ಚಿಲ್ಲರೆ. ಶೂ ದಾರ ಕಟ್ಟಿದ್ದೀರಾ ಅಂತ ನೋಡಿಕೊಳ್ಳುವುದು ಇದಕ್ಕಿಂತ ಮುಖ್ಯ.

ಲೆಕ್ಕ ಕೆಡಿಸುವ ತಪ್ಪುಗಳು ಇವು.

ಇಳಿಯುವಾಗ ಮಂಡಿ ಮಡಚುವುದು. ಹಾರಿದಾಗ ಕಾಲು ನೇರ ಇತ್ತು, ಇಳಿಯುವಾಗ ಮಡಚಿದಿರಿ ಅಂದರೆ ಪಾದ ತಡವಾಗಿ ನೆಲ ಮುಟ್ಟುತ್ತದೆ. ಸಮಯ ಹೆಚ್ಚು, ಎತ್ತರ ಸುಳ್ಳು. ಕಾಲು ನೇರವಾಗಿಟ್ಟು ಮುಂಗಾಲಿನ ಮೇಲೆ ಇಳಿದು, ನೆಲ ಮುಟ್ಟಿದ ಮೇಲೆ ಮಂಡಿ ಬಗ್ಗಿಸಿ.

ಸಾಮಾನ್ಯ ವಿಡಿಯೊ ತೆಗೆಯುವುದು. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ಎಡವಟ್ಟಾದರೆ ನಾಲ್ಕು ಸೆಂ.ಮೀ.ಗೂ ಹೆಚ್ಚು ವ್ಯತ್ಯಾಸ ಬರುತ್ತದೆ. 240ರಲ್ಲಿ ಅದು ಅರ್ಧ ಸೆಂ.ಮೀ. ಸುಮಾರು. ಇನ್ನೊಂದು ವಿಷಯ: ಕೆಲವು ಮೊಬೈಲ್‌ಗಳು 240 ಅಂತ ತೋರಿಸಿದರೂ ತೆಗೆಯುವುದು ಬೇರೆ. ಗೆಳೆಯರ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಅದನ್ನು ಸ್ಲೋ ಮೋಷನ್‌ನಲ್ಲಿ ತೆಗೆದು, ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ ಬಂತು ಅಂತ ಒಮ್ಮೆ ಎಣಿಸಿಬಿಡಿ.

ರಾತ್ರಿ ಲೈಟಿನಲ್ಲಿ ತೆಗೆಯುವುದು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಬಹಳಷ್ಟು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದಿದ್ದರೂ ಸ್ಲೋ ಮೋಷನ್‌ನಲ್ಲಿ ಫ್ರೇಮ್‌ಗಳು ಒಮ್ಮೆ ಕಪ್ಪು ಒಮ್ಮೆ ಬಿಳಿ ಆಗಿ, ಪಾದ ನೆಲ ಬಿಟ್ಟಿದ್ದು ಯಾವಾಗ ಅಂತಲೇ ತಿಳಿಯುವುದಿಲ್ಲ. ಹಗಲು ಬೆಳಕೇ ಸರಿ. ಮಳೆಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲೆ ಕವಿಯುವ ಊರುಗಳಲ್ಲಿ ಬೆಳಗ್ಗೆ ಅಳೆಯಿರಿ.

ಎರಡು ವಿಧಾನದ ಅಂಕಿ ಕಲಸುವುದು. ಗೋಡೆಯ ಅಳತೆ ಯಾವಾಗಲೂ ಹೆಚ್ಚು ಬರುತ್ತದೆ. ಹಿಮ್ಮಡಿ ಎತ್ತಿ ತುದಿಗಾಲಿಗೆ ಬಂದ ಎತ್ತರವೂ ಅದರಲ್ಲಿ ಸೇರಿರುತ್ತದೆ. ಮೊಬೈಲ್ ಲೆಕ್ಕ ಶುರುವಾಗುವುದೇ ಕಾಲ್ಬೆರಳು ನೆಲ ಬಿಟ್ಟ ಮೇಲೆ. ಎರಡರ ನಡುವೆ ಹತ್ತು ಸೆಂ.ಮೀ. ಆಸುಪಾಸು ಅಂತರ ಬಂದರೆ ಗಾಬರಿ ಬೇಡ. ಒಂದನ್ನು ಆರಿಸಿಕೊಂಡು ಕೊನೆಯ ತನಕ ಅದನ್ನೇ ಬಳಸಿ.

ಅಳೆಯುವ ಮುಂಚೆ ಐದಾರು ನಿಮಿಷ ನಿಧಾನ ಓಟ, ಹತ್ತು ಬಸ್ಕಿ, ಕಾಲು ಬೀಸುವುದು, ಅರ್ಧ ಶಕ್ತಿಯ ಮೂರು ನಾಲ್ಕು ಜಂಪ್. ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಎಳೆದು ಹಿಡಿಯುವ ಸ್ಟ್ರೆಚಿಂಗ್ ಆ ಹೊತ್ತಿಗೆ ಬೇಡ, ಅದರಿಂದ ಜಂಪ್ ಸ್ವಲ್ಪ ಕಡಿಮೆಯೇ ಆಗುತ್ತದೆ. ಮುಂದಿನ ಹಂತದಲ್ಲಿ ಹೇಳುವ ಪ್ರತಿ ಬಗೆಯಲ್ಲೂ ಮೂರು ಸಲ ಹಾರಿ, ನಡುವೆ ಒಂದು ನಿಮಿಷ ಬಿಡುವು ಕೊಟ್ಟು, ಉತ್ತಮವಾದದ್ದನ್ನು ಬರೆದುಕೊಳ್ಳಿ.

ಹಂತ 2: ಮೂರು ಬಗೆಯಲ್ಲಿ ಹಾರಿ, ಕೊರತೆ ಎಲ್ಲಿದೆ ನೋಡಿ

ಒಂದೇ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಮೂರು ಬೇಕು.

ಮೊದಲನೆಯದು: ಕೈ ಸೊಂಟದ ಮೇಲೆ. ಅರ್ಧ ಬಸ್ಕಿಗೆ ಕುಗ್ಗಿ ಮೂರು ಎಣಿಸುವ ತನಕ ಅಲ್ಲೇ ನಿಲ್ಲಿ. ಅಲ್ಲಿಂದ ಇನ್ನೂ ಕೆಳಗೆ ಜಗ್ಗದೆ ನೇರ ಹಾರಿ.

ಎರಡನೆಯದು: ಕೈ ಸೊಂಟದ ಮೇಲೇ ಇರಲಿ. ನೇರ ನಿಂತು, ಗಕ್ಕನೆ ಕುಗ್ಗಿ, ನಿಲ್ಲದೆ ಹಾರಿ.

ಮೂರನೆಯದು: ಎರಡನೆಯದರಂತೆಯೇ, ಆದರೆ ಕೈ ಬೀಸಿ.

ಮೊದಲನೆಯದು ನಿಮ್ಮ ಕಾಲಿನ ಬರೀ ಬಲ. ಎರಡನೆಯದು ಕೆಲವು ಸೆಂಟಿಮೀಟರ್ ಹೆಚ್ಚು ಬರಬೇಕು. ಗಕ್ಕನೆ ಕುಗ್ಗಿ, ಆ ಇಳಿತವನ್ನು ತಡೆದು, ನಿಲ್ಲದೆ ಮೇಲೇಳುವಾಗ, ಮೇಲೆ ಒತ್ತಲು ಶುರು ಮಾಡುವ ಹೊತ್ತಿಗೇ ಸ್ನಾಯುಗಳು ಪೂರ್ತಿ ಬಿಗಿಯಾಗಿರುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಎಳೆದುಕೊಂಡು ಸ್ವಲ್ಪ ಶಕ್ತಿಯನ್ನೂ ಕೂಡಿಟ್ಟಿರುತ್ತದೆ. ಮೊದಲನೆಯದರಂತೆ ಕುಗ್ಗಿ ನಿಂತಲ್ಲಿಂದ ಶುರು ಮಾಡಿದರೆ ಬಲ ಏರುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಮೂರನೆಯದು ಇನ್ನೂ ಚೆನ್ನಾಗಿ ಏರಬೇಕು. ಸರಿಯಾಗಿ ಕೈ ಬೀಸಿದರೆ ನೆಲ ಬಿಡುವ ವೇಗ ಶೇ. 10ರ ಆಸುಪಾಸು ಹೆಚ್ಚುತ್ತದೆ. ವೇಗ ಶೇ. 10 ಹೆಚ್ಚಿದರೆ ಎತ್ತರ ಶೇ. 21 ಹೆಚ್ಚಿದ ಹಾಗೆ.

ಉದಾಹರಣೆಗೆ ಪಿಯುಸಿ ಓದುವ ಒಬ್ಬ ಬ್ಲಾಕರ್‌ಗೆ (ನೆಟ್ ಬಳಿ ಹಾರಿ ಎದುರಾಳಿಯ ಹೊಡೆತ ತಡೆಯುವವನಿಗೆ) 112, 113, 118 ಫ್ರೇಮ್ ಬಂತು ಅಂದುಕೊಳ್ಳಿ. ಸೆಂಟಿಮೀಟರಿನಲ್ಲಿ 26.7, 27.2, 29.6. ಮೊದಲ ಎರಡರ ನಡುವೆ ಅರ್ಧ ಸೆಂ.ಮೀ. ಅಂತರ, ಅದು ನಮ್ಮ ಎಣಿಕೆಯ ತಪ್ಪಿನಷ್ಟೇ. ಅಂದರೆ ಇವನು ಕುಗ್ಗಿದ್ದರಿಂದ ಏನೂ ಸಿಕ್ಕಿಲ್ಲ. ಕೈ ಬೀಸಿದ್ದರಿಂದ ಸಿಕ್ಕಿದ್ದು ಎರಡೂವರೆ ಸೆಂ.ಮೀ. ಮಾತ್ರ. ಇವನಿಗೆ ಹಂತ 5 ಚಿನ್ನ. ಅದೇ 113, 122, 134 ಬಂದವಳಿಗೆ (27.2, 31.7, 38.2) ಹಾರುವ ರೀತಿ ಚೆನ್ನಾಗಿಯೇ ಇದೆ, ಬಲ ಸಾಲದು. ಅವಳು ಹಂತ 4ರಲ್ಲಿ ಹೆಚ್ಚು ದಿನ ಇರಬೇಕು. ಇಬ್ಬರಿಗೂ ಒಂದೇ ಪ್ರಾಕ್ಟೀಸ್ ಕೊಟ್ಟರೆ ಒಬ್ಬರಿಗಂತೂ ನಷ್ಟ.

ಹಂತ 3: ಮೊದಲು ಇಳಿಯುವುದನ್ನು ಕಲಿಯಿರಿ

ಎಲ್ಲರೂ ಹಾರಿ ಬಿಡುವ ಹಂತ ಇದು. ಎರಡೂ ಅರ್ಥದಲ್ಲಿ.

ಬಿರುಸಾಗಿ ಇಳಿದರೆ ದೇಹದ ತೂಕದ ಹಲವು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಅದನ್ನು ಸ್ನಾಯು ತೆಗೆದುಕೊಳ್ಳಬೇಕು. ಸ್ನಾಯು ತಪ್ಪಿಸಿಕೊಂಡರೆ ಕೀಲು ತೆಗೆದುಕೊಳ್ಳುತ್ತದೆ.

30 ಸೆಂ.ಮೀ.ಗಿಂತ ಎತ್ತರವಿಲ್ಲದ ಮೆಟ್ಟಿಲಿನಿಂದ ಸುಮ್ನೆ ಕೆಳಗೆ ಹೆಜ್ಜೆ ಇಟ್ಟು, ಎರಡೂ ಕಾಲಿನ ಮೇಲೆ ಇಳಿದು, ಹಾಗೇ ನಿಲ್ಲಿ. ಜಗಲಿ ಅದಕ್ಕಿಂತ ಎತ್ತರ ಇದ್ದರೆ ಬೇಡ. ಮುಂಗಾಲು ಮೊದಲು ತಾಗಲಿ, ಹಿಮ್ಮಡಿ ಆಮೇಲೆ. ಮಂಡಿಯ ಜೊತೆಗೆ ಸೊಂಟವೂ ಹಿಂದಕ್ಕೆ ಹೋಗಿ ಬಗ್ಗಲಿ. ಮೂರು ಎಣಿಸುವ ತನಕ ಅಲುಗಾಡಬೇಡಿ. ಒಂದು ಸಲಕ್ಕೆ ಐದು, ಅಂಥ ಮೂರು ಸುತ್ತು.

ಎದುರಿನಿಂದ ವಿಡಿಯೊ ತೆಗೆದು ಒಂದನ್ನೇ ನೋಡಿ: ಮಂಡಿಚಿಪ್ಪು ಯಾವ ಕಡೆ ಹೋಗುತ್ತಿದೆ? ಅದು ಕಾಲಿನ ಎರಡನೇ ಬೆರಳಿನ ನೇರಕ್ಕಿರಬೇಕು. ಎರಡು ಮಂಡಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಹಾಗೆ ಬಂದರೆ, ಅಲ್ಲೇ ನಿಲ್ಲಿಸಿ. ಮಂಡಿಯೊಳಗಿನ ಅಸ್ಥಿರಜ್ಜು (ಮೂಳೆಗೆ ಮೂಳೆಯನ್ನು ಕಟ್ಟಿರುವ ಪಟ್ಟಿ) ಹರಿಯುವುದು ಹೆಚ್ಚಾಗಿ ಹೀಗೆ ಮಂಡಿ ಒಳಕ್ಕೆ ತಿರುಚಿದಾಗಲೇ. ಹುಡುಗಿಯರಲ್ಲಿ ಈ ಗಾಯ ಹೆಚ್ಚು, ಹಾಗಾಗಿ ಹೈಸ್ಕೂಲ್ ಹುಡುಗಿಯರ ಟೀಮ್ ನೋಡಿಕೊಳ್ಳುವ ಪಿ.ಟಿ. ಮೇಷ್ಟ್ರುಗಳು ಈ ಒಂದು ವಿಡಿಯೊ ಎಲ್ಲರದ್ದೂ ತೆಗೆದು ನೋಡಿದರೆ ಒಳ್ಳೆಯದು.

ಕಿವಿಯನ್ನೂ ಬಳಸಿ. ಚೆನ್ನಾಗಿ ಇಳಿದರೆ ಸದ್ದು ಕಡಿಮೆ. 'ಧಡ್' ಅಂತ ಕೇಳಿದರೆ ಸ್ನಾಯು ಕೆಲಸ ಮಾಡಿಲ್ಲ. ಸತತ ಹದಿನೈದು ಸಲ ಮಂಡಿ ಬೆರಳಿನ ನೇರಕ್ಕೆ, ಸದ್ದು ಕಡಿಮೆ, ಅಲುಗಾಟ ಇಲ್ಲ ಅಂತಾದರೆ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 4: ಬಲ ಕಟ್ಟಿಕೊಳ್ಳಿ

ವಾರಕ್ಕೆ ಎರಡು ದಿನ, ಆರರಿಂದ ಎಂಟು ವಾರ. ಜಿಮ್ ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ.

ಬಸ್ಕಿಯಿಂದಲೇ ಶುರು. ಆದರೆ ನಮ್ಮಲ್ಲಿ ಬಸ್ಕಿ ಅಂದರೆ ನೂರು ಹೊಡೆಯುವ ಲೆಕ್ಕ. ನೂರು ಬಸ್ಕಿ ತಾಳಿಕೆಗೆ ಸರಿ. ಜಂಪಿಗೆ ಬೇಕಾದ್ದು ಬಲ, ಅದಕ್ಕೆ ಭಾರ ಹೆಚ್ಚಿಸಿ ಸಂಖ್ಯೆ ಕಡಿಮೆ ಮಾಡಬೇಕು. ಬ್ಯಾಗಿಗೆ 10 ಕೆ.ಜಿ. ಮರಳು ತುಂಬಿ ಎದೆಗೆ ಅಪ್ಪಿಕೊಂಡು, ತೊಡೆ ನೆಲಕ್ಕೆ ಸಮ ಆಗುವ ತನಕ ನಿಧಾನ ಕುಗ್ಗಿ, ಜೋರಾಗಿ ಮೇಲೆ ಬನ್ನಿ. ಎಂಟು ಸಲ, ಮೂರು ಸುತ್ತು, ನಡುವೆ ಎರಡು ನಿಮಿಷ ಬಿಡುವು. ಎಂಟನೆಯದು ಸಲೀಸು ಅನ್ನಿಸಿದರೆ ಇನ್ನೆರಡು ಕೆ.ಜಿ. ಸೇರಿಸಿ. 50 ಕೆ.ಜಿ. ಕಾಫಿ ಮೂಟೆಯನ್ನು ಹೆಗಲಿಗೇರಿಸಿಕೊಂಡು ಶೂರತನ ತೋರಿಸುವುದು ಬೇಡ.

ಎರಡನೆಯದು ಒಂದು ಕಾಲಿನ ಕೆಲಸ. ಹಿಂದಿನ ಕಾಲನ್ನು ಬೆಂಚಿನ ಮೇಲಿಟ್ಟು ಮುಂದಿನ ಕಾಲಿನಲ್ಲಿ ಬಸ್ಕಿ. ಎಡ ಬಲದ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ.

ಮೂರನೆಯದನ್ನು ಜಾಸ್ತಿ ಜನ ಮಾಡುವುದೇ ಇಲ್ಲ: ಸೊಂಟದಿಂದ ಬಗ್ಗುವುದು. ಬ್ಯಾಗನ್ನು ಕೈಯಲ್ಲಿ ಹಿಡಿದು, ಬೆನ್ನು ನೇರ ಇಟ್ಟು, ಮಂಡಿ ತುಸು ಮಾತ್ರ ಬಾಗಿಸಿ, ಪಿರ್ರೆಯನ್ನು ಹಿಂದಕ್ಕೆ ತಳ್ಳುತ್ತಾ ಬಗ್ಗಿ ಏಳಬೇಕು. ತೊಡೆಯ ಹಿಂಭಾಗ ಎಳೆದ ಹಾಗೆ ಆಗಬೇಕು. ಸೊಂಟ ನೋಯುತ್ತಿದ್ದರೆ ಬೆನ್ನು ಗೂನಾಗಿದೆ ಅಂತ ಅರ್ಥ. ಜಂಪಿನಲ್ಲಿ ಪಿರ್ರೆಯ ದೊಡ್ಡ ಸ್ನಾಯುವಿಗೆ ದೊಡ್ಡ ಪಾಲಿದೆ. ಅದನ್ನು ಬಿಟ್ಟು ಬರೀ ಮಂಡಿಯಿಂದ ಹಾರುವವರಿಗೇ ಮಂಡಿ ನೋವು ಬೇಗ ಬರುವುದು.

ಕೊನೆಗೆ ಮೀನಖಂಡ. ಮೆಟ್ಟಿಲ ತುದಿಯಲ್ಲಿ ಒಂದೇ ಕಾಲಿನ ಮುಂಗಾಲಿಟ್ಟು ಹಿಮ್ಮಡಿ ಕೆಳಗಿಳಿಸಿ ಮೇಲೆತ್ತಿ. ಹನ್ನೆರಡು ಸಲ, ಮೂರು ಸುತ್ತು.

ಹಂತ 5: ಹಾರುವ ರೀತಿ ಸರಿಮಾಡಿಕೊಳ್ಳಿ

ಇದನ್ನು ಪಕ್ಕದಿಂದ ವಿಡಿಯೊ ತೆಗೆದುಕೊಂಡೇ ಮಾಡಬೇಕು. ಪೂರ್ತಿ ದೇಹ ಕಾಣಲಿ.

ಕುಗ್ಗುವ ಆಳ. ಆಳಕ್ಕೆ ಹೋದಷ್ಟೂ ಒತ್ತುವ ದಾರಿ ಉದ್ದವಾಗುತ್ತದೆ, ನಿಜ. ಆದರೆ ಮಂಡಿ ತೀರಾ ಮಡಚಿದಾಗ ಬಲ ಹಾಕುವುದು ಕಷ್ಟ, ಸಮಯವೂ ಜಾಸ್ತಿ ಬೇಕು. ಎದುರಾಳಿ ಸ್ಮ್ಯಾಶ್ ಹೊಡೆಯುವಾಗ ಬ್ಲಾಕರ್‌ಗೆ ಅಷ್ಟು ಪುರುಸೊತ್ತು ಎಲ್ಲಿದೆ? ತೊಡೆ ನೆಲಕ್ಕೆ ಸಮ ಆಗುವುದಕ್ಕಿಂತ ಸ್ವಲ್ಪ ಮೇಲೇ ನಿಲ್ಲಿಸಿ ಶುರು ಮಾಡಿ. ಮೂರು ಬೇರೆ ಬೇರೆ ಆಳದಲ್ಲಿ ಹಾರಿ ಫ್ರೇಮ್ ಎಣಿಸಿದರೆ ನಿಮ್ಮ ಆಳ ನಿಮಗೇ ಸಿಗುತ್ತದೆ.

ಕುಗ್ಗುವ ವೇಗ. ನಿಧಾನ ಕುಗ್ಗಿ, ಅಲ್ಲಿ ಉಸಿರು ತೆಗೆದುಕೊಂಡು, ಆಮೇಲೆ ಹಾರುವವರೇ ಹೆಚ್ಚು. ಮೇಲಿನ ಉದಾಹರಣೆಯ ಹುಡುಗನ ತೊಂದರೆ ಇದೇ. ಗಕ್ಕನೆ ಇಳಿದು, ಗಕ್ಕನೆ ತಡೆದು, ನಿಲ್ಲದೆ ತಿರುಗಬೇಕು. ವಿಡಿಯೊದಲ್ಲಿ ಸೊಂಟ ಅತ್ಯಂತ ಕೆಳಗಿರುವ ಜಾಗದಲ್ಲಿ ಚಿತ್ರ ತಡೆದು ನಿಂತ ಹಾಗೆ ಕಂಡರೆ ಅಲ್ಲೇ ಎತ್ತರ ಸೋರುತ್ತಿದೆ.

ಕೀಲುಗಳ ಸರದಿ. ಸೊಂಟ ಮೊದಲು ಬಿಚ್ಚಿಕೊಳ್ಳಬೇಕು, ಆಮೇಲೆ ಮಂಡಿ, ಕೊನೆಗೆ ಕಣಕಾಲು. ಕೆಸರಲ್ಲಿ ಹೂತ ಜೀಪನ್ನು ತಳ್ಳುವಾಗ ಮೊದಲು ಗಟ್ಟಿ ಆಳುಗಳು ಅಲುಗಿಸಿ, ಉರುಳಲು ಶುರುವಾದ ಮೇಲೆ ಉಳಿದವರು ಕೈ ಹಾಕುವುದಿಲ್ಲವೇ, ಹಾಗೆ. ಮೀನಖಂಡದ ಮೇಲಿನ ಸ್ನಾಯು ಮಂಡಿ, ಕಣಕಾಲು ಎರಡನ್ನೂ ದಾಟಿ ಹೋಗುತ್ತದೆ. ಮಂಡಿ ನೇರವಾಗುತ್ತಿರುವಾಗ ಆ ಸ್ನಾಯು ಬಿಗಿಯಾಗಿದ್ದರೆ, ತೊಡೆಯ ಬಲದ ಒಂದು ಪಾಲು ಹಿಮ್ಮಡಿ ಎತ್ತುವ ಕೆಲಸಕ್ಕೆ ಸಾಗುತ್ತದೆ. ಹಿಮ್ಮಡಿ ಮೊದಲೇ ಎದ್ದುಬಿಟ್ಟರೆ ಈ ದಾರಿ ಮುಚ್ಚಿಹೋಗುತ್ತದೆ. ವಿಡಿಯೊದಲ್ಲಿ ನೋಡಬೇಕಾದ್ದು: ಕುಗ್ಗಿದಾಗ ಹಿಮ್ಮಡಿ ನೆಲದಲ್ಲಿದೆಯಾ? ನೆಲ ಬಿಡುವ ಫ್ರೇಮ್‌ನಲ್ಲಿ ಸೊಂಟ, ಮಂಡಿ, ಕಣಕಾಲು ಮೂರೂ ನೇರ ಆಗಿವೆಯಾ? ಮಂಡಿ ಇನ್ನೂ ಬಾಗಿರುವಾಗಲೇ ಕಾಲು ಎತ್ತಿಕೊಳ್ಳುವ ಚಾಳಿ ಕಬಡ್ಡಿ ಆಡುವವರಲ್ಲಿ ಬಹಳ.

ಕೈ. ಕುಗ್ಗುವಾಗ ಕೈ ಹಿಂದಕ್ಕೆ, ಒತ್ತುವಾಗ ಮುಂದೆ ಮೇಲಕ್ಕೆ. ಕೈ ಮೇಲಕ್ಕೆ ಜೋರಾಗಿ ಹೋಗುವಾಗ ಅದರ ಎದುರೊತ್ತು ಭುಜವನ್ನು ಕೆಳಕ್ಕೆ ಒತ್ತುತ್ತದೆ. ಅದರಿಂದ ಕಾಲು ಬಿಚ್ಚಿಕೊಳ್ಳುವುದು ತುಸು ನಿಧಾನವಾಗುತ್ತದೆ. ನಷ್ಟ ಅನ್ನಿಸಬಹುದು, ಆದರೆ ಸ್ನಾಯು ನಿಧಾನ ಕುಗ್ಗುವಾಗಲೇ ಹೆಚ್ಚು ಬಲ ಹಾಕಬಲ್ಲದು. ಕೊನೆಯಲ್ಲಿ ಕೈ ಭುಜದ ಎತ್ತರ ದಾಟಿ ನಿಧಾನವಾದಾಗ, ಅದು ದೇಹವನ್ನೇ ಮೇಲಕ್ಕೆ ಎಳೆಯುತ್ತದೆ. ಸಾಮಾನ್ಯ ತಪ್ಪು ಅಂದರೆ ಕೈ ತಡವಾಗಿ ಬರುವುದು. ನೆಲ ಬಿಡುವ ಫ್ರೇಮ್‌ನಲ್ಲಿ ಕೈ ಇನ್ನೂ ಸೊಂಟದ ಬಳಿ ಇದ್ದರೆ ಬೀಸಿದ್ದು ದಂಡ. ಆ ಫ್ರೇಮ್‌ನಲ್ಲಿ ಅದು ಮುಖದ ಎತ್ತರ ದಾಟಿರಬೇಕು.

ಒಂದು ದಿನಕ್ಕೆ ಒಂದೇ ವಿಷಯ ತಿದ್ದಿ. ಆಳ, ವೇಗ, ಕೈ ಎಲ್ಲವನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ಹಾರಲು ಹೋದರೆ ಯಾವುದೂ ಬರುವುದಿಲ್ಲ. ನಾಲ್ಕು ಜಂಪ್, ಐದು ಸುತ್ತು, ಪ್ರತಿ ಸುತ್ತಿನ ನಡುವೆ ಪೂರ್ತಿ ಬಿಡುವು. ಸುಸ್ತಾದ ಕಾಲಿನಲ್ಲಿ ರೀತಿ ಕಲಿಯಲಾಗುವುದಿಲ್ಲ.

ಹಂತ 6: ಪುಟಿತ, ಈಗ ಮಾತ್ರ

ಜಗಲಿಯಿಂದ ಧುಮುಕಿ ಹಾರುವುದಕ್ಕೆ ಸರಿಯಾದ ಜಾಗ ಇದು, ಅದೂ ಈ ಹಂತದ ಕೊನೆಯಲ್ಲಿ.

ಮೊದಲೆರಡು ವಾರ ಮಂಡಿ ಹೆಚ್ಚು ಬಗ್ಗಿಸದೆ ಬರೀ ಕಣಕಾಲಿನಿಂದ ಪುಟಿಯಿರಿ. ಹತ್ತು ಸಲ, ನಾಲ್ಕು ಸುತ್ತು. ಹಿಮ್ಮಡಿ ನೆಲಕ್ಕೆ ಬೀಳಬಾರದು. ಆಮೇಲೆ ಅಡ್ಡ ಇಟ್ಟ ಕೋಲುಗಳ ಮೇಲೆ ಸಾಲಾಗಿ ಹಾರುವುದು. ಕೊನೆಗೆ 20-30 ಸೆಂ.ಮೀ. ಎತ್ತರದಿಂದ ಕೆಳಕ್ಕೆ ಹೆಜ್ಜೆ ಇಟ್ಟು, ನೆಲ ತಾಗಿದ ತಕ್ಷಣ ಮೇಲಕ್ಕೆ. ನೆಲದ ಮೇಲೆ ಪಾದ ಇರುವ ಸಮಯ ಕಾಲು ಸೆಕೆಂಡು ದಾಟಬಾರದು. ನಿಮ್ಮ 240 ಫ್ರೇಮ್ ವಿಡಿಯೊದಲ್ಲಿ ಅದು 60 ಫ್ರೇಮ್. ಅದಕ್ಕಿಂತ ಹೆಚ್ಚು ಬಂದರೆ ಎತ್ತರ ಜಾಸ್ತಿ ಆಗಿದೆ, ಕೆಳಗಿನ ಮೆಟ್ಟಿಲಿಗೆ ಬನ್ನಿ.

ಹೊಸಬರಿಗೆ ಒಂದು ದಿನಕ್ಕೆ ಒಟ್ಟು 80ರಿಂದ 100 ಸಲ ಪಾದ ನೆಲ ತಾಗಿದರೆ ಸಾಕು, ವಾರ್ಮ್‌ಅಪ್ ಬಿಟ್ಟು. ಎರಡು ಪುಟಿತದ ದಿನಗಳ ನಡುವೆ ಕನಿಷ್ಠ 48 ಗಂಟೆ ಬಿಡುವಿರಲಿ. ಮ್ಯಾಚ್ ಆಡಿದ ದಿನವೂ ಪುಟಿತದ ದಿನವೇ. ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಭಾನುವಾರ ಇಡೀ ರಾತ್ರಿ ಹೊನಲು ಬೆಳಕಿನ ಪಂದ್ಯಾವಳಿ ಆಡಿ, ಸೋಮವಾರ ಬೆಳಗ್ಗೆ ಜಗಲಿ ಹತ್ತುತ್ತಾರೆ.

ಹಂತ 7: ಓಡಿಬಂದು ಹಾರುವುದು

ಇದರಲ್ಲಿ ಹೇಳಬೇಕಾದ್ದು ಕಡಿಮೆ, ಯಾಕಂದರೆ ಹಿಂದಿನ ಹಂತಗಳು ಆಗಿದ್ದರೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಓಟದ ವೇಗವನ್ನು ಮೇಲ್ಮುಖವಾಗಿ ತಿರುಗಿಸಲು ಕೊನೆಗೆ ಒಂದು ಉದ್ದ ಹೆಜ್ಜೆ ಬೇಕು, ಅದು ಹಿಮ್ಮಡಿಯಿಂದ ನೆಲ ತಾಗಬೇಕು, ದೇಹ ತುಸು ಹಿಂದಕ್ಕೆ ಒರಗಿರಬೇಕು. ತಕ್ಷಣ ಇನ್ನೊಂದು ಕಾಲು ಪಕ್ಕಕ್ಕೆ ಬಂದು ಸೇರುತ್ತದೆ. ಹಾರಿದ ಜಾಗಕ್ಕೂ ಇಳಿದ ಜಾಗಕ್ಕೂ ಸೀಮೆಸುಣ್ಣದ ಗುರುತು ಹಾಕಿ ನೋಡಿ. ತುಂಬಾ ಮುಂದಕ್ಕೆ ಇಳಿಯುತ್ತಿದ್ದರೆ ವೇಗ ತಿರುಗಿಲ್ಲ, ಆಟದಲ್ಲಿ ನೆಟ್ ಮುಟ್ಟಿ ಪಾಯಿಂಟ್ ಕಳೆದುಕೊಳ್ಳುತ್ತೀರಿ. ವೇಗವಾಗಿ ಓಡಿಬಂದಷ್ಟೂ ಎತ್ತರ ಅಂದುಕೊಳ್ಳಬೇಡಿ. ತಡೆಯುವ ಬಲ ಇದ್ದಷ್ಟೇ ಓಡಿ.

ಎಚ್ಚರಿಕೆಯ ಸೂಚನೆಗಳು

ಮಂಡಿಚಿಪ್ಪಿನ ಕೆಳತುದಿಯಲ್ಲಿ, ಬೆರಳಿಟ್ಟು ತೋರಿಸುವಂತಹ ಒಂದೇ ಜಾಗದಲ್ಲಿ ನೋವು. ಇದು ಸ್ನಾಯುರಜ್ಜಿನ ತೊಂದರೆ, ವಾಲಿಬಾಲ್ ಆಡುವವರಲ್ಲಿ ಬಹಳ ಸಾಮಾನ್ಯ. ಶುರುವಿನಲ್ಲಿ ವಾರ್ಮ್‌ಅಪ್ ಆದ ಮೇಲೆ ನೋವು ಮಾಯವಾಗುತ್ತದೆ, ಅದಕ್ಕೇ ಎಲ್ಲರೂ ಆಡುತ್ತಲೇ ಇರುತ್ತಾರೆ. ಮರುದಿನ ಬೆಳಗ್ಗೆ ಮೆಟ್ಟಿಲಿಳಿಯುವಾಗ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ಹಂತ 6, 7 ನಿಲ್ಲಿಸಿ. ನಿಧಾನವಾಗಿ ಮಾಡುವ ಬಲದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕೇಳಿ ಮುಂದುವರಿಸಬಹುದು. ಪೂರ್ತಿ ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಮಾತ್ರ ಸಾಲದು, ಮತ್ತೆ ಹಾರಿದ ದಿನ ನೋವು ವಾಪಸ್ ಬರುತ್ತದೆ.

ಬೆಳೆಯುವ ಮಕ್ಕಳಲ್ಲಿ ಮಂಡಿಯ ಕೆಳಗಿನ ಮೂಳೆಯಲ್ಲಿ ಉಬ್ಬು ಬಂದು ಮುಟ್ಟಿದರೆ ನೋವು, ಅಥವಾ ಹಿಮ್ಮಡಿಯ ಹಿಂದೆ ನೋವು. ಬೆಳವಣಿಗೆಯ ಜಾಗವನ್ನು ಸ್ನಾಯುರಜ್ಜು ಎಳೆಯುವುದರಿಂದ ಇದು ಬರುತ್ತದೆ. ಹೆಚ್ಚಾಗಿ ತಾನೇ ಹೋಗುತ್ತದೆ, ಆದರೆ ಜಂಪ್ ಕಡಿಮೆ ಮಾಡಲೇಬೇಕು. ಮಗು ಸುಳ್ಳು ಹೇಳುತ್ತಿದೆ ಅಂತ ಮೈದಾನಕ್ಕೆ ದಬ್ಬಬೇಡಿ.

ಮೊಳಕಾಲಿನ ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ನೋವು, ರಾತ್ರಿ ಮಲಗಿದಾಗಲೂ ಇದ್ದರೆ ಮೂಳೆ ಬಿರುಕು ಬಿಟ್ಟಿರಬಹುದು. ಇಳಿದಾಗ ಮಂಡಿಯಲ್ಲಿ 'ಟಕ್' ಅಂತ ಸದ್ದಾಗಿ ಕೆಲವೇ ಗಂಟೆಯಲ್ಲಿ ಊದಿದರೆ ಅಸ್ಥಿರಜ್ಜು ಹರಿದಿರಬಹುದು. ಈ ಎರಡಕ್ಕೂ ಎಣ್ಣೆ ತಿಕ್ಕಿಸುವುದು, ಎಳೆಸುವುದು ಬೇಡ. ನೇರ ಮೂಳೆ ಡಾಕ್ಟರ ಹತ್ತಿರ ಹೋಗಿ.

ನೋವಿಲ್ಲದ ಸೂಚನೆಯೂ ಒಂದಿದೆ. ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ, ಅದೇ ಶೂ ಹಾಕಿ ಮೂರನೇ ಬಗೆಯ ಜಂಪ್ ಅಳೆಯಿರಿ. ಒಂದು ವಾರ ಎರಡು ಮೂರು ಫ್ರೇಮ್ ಕಡಿಮೆ ಬಂದರೆ ನಿದ್ದೆಯೋ ಊಟವೋ ಕಾರಣ ಇರಬಹುದು. ಸತತ ಎರಡು ವಾರ ಐದಾರು ಫ್ರೇಮ್ ಕಡಿಮೆ ಬಂದರೆ ಕಾಲು ದಣಿದಿದೆ. ಆ ವಾರ ಜಂಪ್‌ಗಳನ್ನು ಅರ್ಧಕ್ಕಿಳಿಸಿ, ಬಲದ ವ್ಯಾಯಾಮ ಒಂದೇ ದಿನ ಮಾಡಿ. ಪಂದ್ಯಾವಳಿಗೆ ಹತ್ತು ದಿನ ಇರುವಾಗಲೂ ಇದೇ ಲೆಕ್ಕ. ಆ ಹತ್ತು ದಿನದಲ್ಲಿ ಹೊಸ ಎತ್ತರ ಬರುವುದಿಲ್ಲ, ಇದ್ದ ಎತ್ತರ ಹೋಗಬಹುದು. ಕೊನೆಯ ಭಾರದ ಬಸ್ಕಿ ನಾಲ್ಕೈದು ದಿನ ಮುಂಚೆ, ಕೊನೆಯ ಪುಟಿತ ಮೂರು ದಿನ ಮುಂಚೆ ಮುಗಿದಿರಲಿ.